ಯಾರೂ ಒತ್ತದ ಗುಂಡಿ

ಮತ್ತೆ ನಿಂತಿತು.

ಚೀಲವನ್ನು ತೂಕದ ಕಾಟಾದಿಂದ ಇಳಿಸಿ ಆಗಿತ್ತು. ಟ್ಯಾಬಿನ ಪರದೆಯ ಮೇಲೆ ಮಾತ್ರ ಅದು ಇನ್ನೂ ಕುಳಿತಿತ್ತು, ಅಂಕಿ ಅಲುಗದೆ. ಸಿರಾಜುದ್ದೀನ ಪರದೆ ನೋಡಿದ, ಖಾಲಿ ಕಾಟಾ ನೋಡಿದ, ಮತ್ತೆ ಪರದೆ ನೋಡಿದ. ಅವನಿಗೆ ಮೊದಲು ಅನಿಸಿದ್ದು ಗಾಬರಿಯಲ್ಲ, ಒಂದು ಬಗೆಯ ನೆಮ್ಮದಿ. ಅದನ್ನು ಯಾರೂ ಗಮನಿಸಲಿಲ್ಲ ಎಂಬುದು ಇನ್ನೊಂದು ನೆಮ್ಮದಿ.

“ಸಾಹೇಬ್ರ, ನಿಮ್ಮ ಡಬ್ಬಿ ಕುಂತತ್ರಿ,” ಎಂದರು ದಲಾಲಿ ಅಂಗಡಿಯ ಚನ್ನವೀರಪ್ಪ. ಹಿರೇಕೆರೂರಿನ ಸಂತೆಯ ದಿನ. ಅವರ ಅಂಗಡಿಯ ಮುಂದೆ ಗೋವಿನಜೋಳದ ರಾಶಿಗಳು ರಸ್ತೆಯ ಅಂಚಿನವರೆಗೂ ಹರಡಿದ್ದವು. “ಊಟದ ಹೊತ್ತಿಗೆ ಬರೋಬರಿ ಕುಂದರತೈತಿ. ನನ್ನ ಹಮಾಲರಿಗಿಂತ ಅದs ಟೈಮ್ ಪಾಲಸ್ತೈತಿ.”

“ನೋಡ್ತೇನ್ರಿ.”

“ಹೋದ ಸಂತಿಗೂ ನೋಡಿದ್ರಿ.”

“ಇವತ್ತ ಮುಗಸ್ತೇನ್ರಿ.”

ಚನ್ನವೀರಪ್ಪ ಮುಖ ಸಿಂಡರಿಸಿ, ಬಗ್ಗಿ ರಾಶಿಯನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. “ಇನ್ನೊಂದ ಸಲ ಕುಂತ್ರ ನನ್ನ ಹಳೇ ಕಾಟಾ ಹೊರಗ ತಗೀತೇನಿ, ಮತ್ತ,” ಎಂದು ಒಳಗೆ ಹೋದರು.

ತೂಕದ ಶೇಖವ್ವ ಕುರ್ಚಿಯನ್ನು ಕಾಲಿನಿಂದಲೇ ಅವನತ್ತ ತಳ್ಳಿದಳು. “ಕುಂದರ್ರಿ. ನೀವು ನಿಂತ ನೋಡಿದ್ರ ಅದೇನ ಅಂಜತೈತೇನು? ಚಾ ಹೇಳೇನಿ.”

ಚಹಾಕ್ಕೆ ಹೇಳಿರುತ್ತಾಳೆಂದು ಅವನಿಗೆ ಗೊತ್ತಿತ್ತು. ಸವಣೂರಿನ ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳು. ಮಾಳಿಗೆಯ ಕೋಣೆಯಲ್ಲಿ ಅವನು. ಒಮ್ಮೆ ಅವನು ಊರಲ್ಲಿಲ್ಲದಾಗಲೂ ಅತ್ತಿಗೆ ಊಟಕ್ಕೆ ಕೂಗಿ, ಉತ್ತರ ಬಾರದಿದ್ದಾಗ ಎಂದಿನಂತೆ ಮುಚ್ಚಿಟ್ಟು ಮಲಗಿದ್ದಳು. ಶಿಗ್ಗಾಂವಿಯ ಕಚೇರಿಯಲ್ಲಿ ಎಲ್ಲರ ಕಿವಿಗೂ ಹೆಡ್‌ಫೋನು. ಅವನ ದಾರಿ ಕಾಯುತ್ತಿದ್ದದ್ದು ಈ ಒಂದು ಅಂಗಡಿ, ಸಂತೆಯ ಈ ಒಂದು ದಿನ. ಅದೂ ಯಂತ್ರ ನಿಲ್ಲುತ್ತಿದ್ದುದರಿಂದ. ಪೂರಾ ಕೆಟ್ಟರೆ ಹಳೆಯ ಕಾಟಾ ಬರುತ್ತದೆ. ಪೂರಾ ಸರಿಯಾದರೆ ಅವನನ್ನು ಯಾರೂ ಕರೆಯುವುದಿಲ್ಲ. ಅರ್ಧ ಕೆಟ್ಟಿದ್ದರೆ ಮಾತ್ರ ಚಹಾ ಬರುತ್ತದೆ.

ಲ್ಯಾಪ್‌ಟಾಪ್ ಜೋಡಿಸಿದ.

ತಂತ್ರಾಂಶಕ್ಕೆ ಎರಡು ಪದರ. ಮೇಲಿನದು ಅವನು ಬರೆದದ್ದು: ಪರದೆ, ಗುಂಡಿ, ರೈತರ ಹೆಸರು. ಕಾಟಾದ ಮೇಲೆ ಚೀಲ ಕೂತಾಗಲೆಲ್ಲ ಅಲ್ಲಿ ಆ ಚೀಲಕ್ಕೊಂದು ಆಬ್ಜೆಕ್ಟ್, ಅದರ ವಿವರ ಹೊತ್ತ ಒಂದು ದಾಖಲೆ, ಹುಟ್ಟುತ್ತದೆ. ಬೇಡವಾದವುಗಳನ್ನು ಗುಡಿಸಿ ಹಾಕಲು ಆ ಪದರಕ್ಕೆ ಅದರದೇ ಒಂದು ಕಸಬರಿಗೆಯುಂಟು. ಕೆಳಗಿನ ಪದರವನ್ನು ಅವನ ಕಚೇರಿಯ ಐಶ್ವರ್ಯ ‘ಸಿ’ ಭಾಷೆಯಲ್ಲಿ ಬರೆದಿದ್ದಳು. ಅದು ಕಾಟಾದೊಡನೆ ನೇರವಾಗಿ ಮಾತಾಡುತ್ತದೆ. ತೂಕ ಬದಲಾದಂತೆ ಮೇಲಕ್ಕೆ ತಿಳಿಸಬೇಕಾದ್ದರಿಂದ ಚೀಲದ ಆಬ್ಜೆಕ್ಟನ್ನು ಕೈಯಲ್ಲಿ ಹಿಡಿದುಕೊಂಡಿರುತ್ತದೆ. ಕೆಳಗಿನವರು ಹಿಡಿದದ್ದನ್ನು ಮೇಲಿನ ಕಸಬರಿಗೆ ಮುಟ್ಟುವುದಿಲ್ಲ. ಯಾಕೆ ಹಿಡಿದಿದ್ದೀರಿ ಎಂದು ಕೇಳುವುದೂ ಇಲ್ಲ.

ಲ್ಯಾಪ್‌ಟಾಪಿನ ಪರದೆಯ ತುಂಬ ಚೀಲಗಳೇ. ಬೆಳಿಗ್ಗೆ ಇಳಿದು, ಲಾರಿ ಏರಿ, ಪೇಟೆ ದಾಟಿ ಹೋದ ಚೀಲಗಳೆಲ್ಲ ಇಲ್ಲಿ ಇನ್ನೂ ಬದುಕಿದ್ದವು. ಯಾವುದನ್ನೂ ಯಾರೂ ಬಿಟ್ಟಿರಲಿಲ್ಲ. ಮೆಮೊರಿ ತುಂಬಿ ಯಂತ್ರ ನಿಲ್ಲುತ್ತಿದ್ದದ್ದು ಅದಕ್ಕೇ.

ಐಶ್ವರ್ಯಳ ಕೋಡನ್ನು ಮತ್ತೆ ಓದಿದ. ತಪ್ಪು ಹುಡುಕಲು ಶುರುಮಾಡಿ, ಮೆಚ್ಚುತ್ತ ಕುಳಿತ. ತೆರೆದದ್ದರ ಪಕ್ಕದಲ್ಲೇ ಮುಚ್ಚುವ ಸಾಲು. ಪಡೆದದ್ದರ ಪಕ್ಕದಲ್ಲೇ ಹಿಂದಿರುಗಿಸುವ ಸಾಲು. ಒಂದು ಅಕ್ಷರವೂ ತನ್ನನ್ನು ತೋರಿಸಿಕೊಳ್ಳಲು ಅಲ್ಲಿರಲಿಲ್ಲ. ಹಿಡಿತವನ್ನು ಬಿಡುವ ಸಾಲೂ ಇತ್ತು, ಅಚ್ಚುಕಟ್ಟಾಗಿ. ಅವನು ಇಟ್ಟ ಗುಂಡಿಯನ್ನು ಯಾರಾದರೂ ಒತ್ತಿದರೆ ಅದು ಓಡುತ್ತದೆ. ಗುಂಡಿಯ ಮೇಲೆ ಅವನೇ ಬರೆದಿದ್ದ: ಮುಗಿಯಿತು.

“ಶೇಖವ್ವ, ಚೀಲ ಇಳಿಸಿದ ಮ್ಯಾಲ ಹಸರ ಗುಂಡಿ ಒತ್ತತೀರಿ ಹೌದಲ್ಲ?”

“ಒತ್ತತೇನ್ರಿ.”

“ಪ್ರತಿ ಚೀಲಕ್ಕೂ?”

“ಒತ್ತತೇನಿ ಅಂದ್ನೆಲ್ರಿ.” ಅವಳು ಸೆರಗಿನಿಂದ ಟ್ಯಾಬಿನ ಧೂಳು ಒರೆಸಿದಳು.

ಯಂತ್ರವನ್ನು ಮತ್ತೆ ಚಾಲೂ ಮಾಡಿ ಕುರ್ಚಿಯನ್ನು ಹಿಂದಕ್ಕೆಳೆದು ಕುಳಿತ. ಹೊಸ ರಾಶಿಯ ಮೊದಲ ಚೀಲ ಬಂತು. “ಲಾಭ,” ಎಂದು ಕೂಗಿದಳು ಶೇಖವ್ವ. ಒಂದು ಎನ್ನಲಿಲ್ಲ, ಇಲ್ಲಿ ಯಾವ ರಾಶಿಯೂ ಒಂದರಿಂದ ಶುರುವಾಗುವುದಿಲ್ಲ. ಚೀಲ ಇಳಿಯಿತು. ಅವಳ ಬೆರಳು ಹಸಿರು ಗುಂಡಿಯ ಹತ್ತಿರ ಬಂದು, ಮಲಗಿದವರ ಕಾಲನ್ನು ದಾಟದೆ ಸುತ್ತಿಹೋಗುವ ಹಾಗೆ ಬಳಸಿ, ಮೂಲೆಯಲ್ಲಿದ್ದ, ಹಿಂದಿನ ಪುಟಕ್ಕೆ ಹೋಗುವ ಬಾಣವನ್ನು ಒತ್ತಿತು. “ಎರಡು.” ಮತ್ತೆ ಬಳಸಿತು. “ಮೂರು.”

ತಾನು ಮುಗಿಸುತ್ತೇನೆ ಎಂದಾಗ ಚನ್ನವೀರಪ್ಪ ರಾಶಿ ಮುಟ್ಟಿ ಕಣ್ಣಿಗೊತ್ತಿಕೊಂಡದ್ದು ಯಾಕೆಂದು ಈಗ ಹೊಳೆಯಿತು. ಸವಣೂರಿನ ತನ್ನ ಮನೆಯಲ್ಲೂ ಅಕ್ಕಿ ‘ಮುಗಿಯಿತು’ ಎಂದು ಯಾರೂ ಅನ್ನುತ್ತಿರಲಿಲ್ಲ, ‘ಹೆಚ್ಚಾಯಿತು’ ಅನ್ನುತ್ತಿದ್ದರು. ಅಂಥ ಮನೆಯಲ್ಲಿ ಹುಟ್ಟಿ, ಕಾಳಿನ ಪೇಟೆಯ ಯಂತ್ರದ ಮೇಲೆ ಆ ಮಾತನ್ನು ಬರೆದು, ಅದಕ್ಕೆ ಹಸಿರು ಬಣ್ಣ ಬೇರೆ ಹಚ್ಚಿದ್ದ.

“ಗುಂಡಿ ಒತ್ತಲಿಲ್ರಿ ನೀವು,” ಎಂದ.

ಶೇಖವ್ವ ನಕ್ಕಳು. “ತುಂಬಿದ ರಾಶಿ ಮುಂದ ಕುಂತು ದಿನಾ ಅದನ್ನ ಒತ್ತಲೇನ್ರಿ? ರೈತ ನನ್ನ ಬೆರಳ ಕಡದಾನು. ಓದಿದವರಿಗೆ ಇರ್ಲಿ ಬಿಡ್ರಿ ಆ ಮಾತು.”

“ಮೊದಲs ಹೇಳಬೇಕಿತ್ತು.”

“ನೀವು ಬೇಜಾರ ಆಗ್ತೀರಿ ಅಂತ.”

ಬೇಜಾರಾಗಲಿಲ್ಲ. ಈ ಜನ ಎಷ್ಟು ಚೆಂದವಾಗಿ ಒಂದು ಮಾತನ್ನು ಬಳಸಿ ಹೋಗುತ್ತಾರೆ ಎಂದುಕೊಂಡ. ಇಡೀ ಪೇಟೆ ಒಂದು ಗುಂಡಿಯನ್ನು ಒತ್ತದೆ, ಅದರ ಬಗ್ಗೆ ದೂರನ್ನೂ ಹೇಳದೆ ನಡೆಸಿಕೊಂಡು ಬಂದಿತ್ತು.

ಐಶ್ವರ್ಯಗೆ ಫೋನ್ ಮಾಡಿದ.

“ತಪ್ಪು ಸಿಕ್ತು,” ಎಂದ.

“ನಂದs?”

“ಅಲ್ಲ. ನಂದು.” ಗುಂಡಿಯ ಸಂಗತಿ ಹೇಳಿದ.

ಅವಳು ತುಸು ಹೊತ್ತು ನಕ್ಕಳು. ಅವಳ ನಗು ಬೇಗ ನಿಲ್ಲುತ್ತದೆ. “ಹೆಸರು ಬದಲಿ ಮಾಡ್ತೀಯೋ, ಪೂರಾ ಸರಿ ಮಾಡ್ತೀಯೋ?”

“ನೀ ಏನಂತಿ?”

“ಕಾಟಾದ ಮುಂದ ಕುಂತಾವ ನೀನು.”

ಹೆಸರು ಬದಲಿಸುವುದು ಒಂದು ನಿಮಿಷದ ಕೆಲಸ. ಹೆಚ್ಚಾಯಿತು ಎಂದು ಬರೆದರೆ ಶೇಖವ್ವ ಒತ್ತುತ್ತಾಳೆ. ಗದ್ದಲದಲ್ಲಿ ಒಮ್ಮೊಮ್ಮೆ ಮರೆಯುತ್ತಾಳೆ. ಒಂದಷ್ಟು ಚೀಲಗಳು ಕೈಯಲ್ಲೇ ಉಳಿಯುತ್ತವೆ. ಕೆಲವು ಸಂತೆಗೊಮ್ಮೆ ಯಂತ್ರ ನಿಲ್ಲುತ್ತದೆ. ಚನ್ನವೀರಪ್ಪ ಬೈಯುತ್ತಾರೆ, ಕುರ್ಚಿ ಬರುತ್ತದೆ. ಅವನಿಗೆ ಬೇಕಾದಷ್ಟೇ ಕೆಟ್ಟಿರುತ್ತದೆ. ಆ ಅಕ್ಷರಗಳನ್ನು ಟೈಪ್ ಕೂಡ ಮಾಡಿದ.

ಆಮೇಲೆ ಐಶ್ವರ್ಯಳ ಸಾಲುಗಳು ಕಣ್ಣಿಗೆ ಬಿದ್ದವು. ಅಷ್ಟು ನಿರ್ಮಲವಾದದ್ದರ ಮೇಲೆ ಇಂಥದೊಂದು ತೇಪೆಯನ್ನು ಬಿಟ್ಟು ಏಳುವುದು ಅವನಿಂದಾಗಲಿಲ್ಲ. ಅಳಿಸಿದ.

ಗುಂಡಿಯನ್ನೇ ತೆಗೆದ. ಯಾರೂ ಏನೂ ಒತ್ತಬೇಕಾಗಿಲ್ಲ. ಕಾಟಾ ಸೊನ್ನೆಗೆ ಬಂದು ನಿಂತ ಕೂಡಲೇ ಕೆಳಗಿನ ಪದರ ತಾನಾಗಿ ಕೈಬಿಡುವಂತೆ ಬರೆದ. ಚೀಲ ಮೇಲಿರುವಾಗಲೂ ಹಿಡಿತ ಗಟ್ಟಿಯಲ್ಲ, ವೀಕ್ ರೆಫರೆನ್ಸ್: ಇದ್ದರೆ ಮಾತಾಡಿಸು, ಇಲ್ಲದಿದ್ದರೆ ಹುಡುಕಬೇಡ. ಬರೆದು ಮುಗಿಸಿದಾಗ ಅದೂ ಐಶ್ವರ್ಯಳ ಸಾಲಿನಂತೆಯೇ ಕಂಡಿತು. ತಾನು ಬರೆದದ್ದೆಂದು ಹೇಳಲು ಅದರಲ್ಲಿ ಏನೂ ಉಳಿದಿರಲಿಲ್ಲ. ಅವನಿಗೆ ರೋಮಾಂಚನವಾಯಿತು.

ಮಧ್ಯಾಹ್ನದ ರಾಶಿಗಳೆಲ್ಲ ತೂಕವಾದವು. ಯಂತ್ರ ನಿಲ್ಲಲಿಲ್ಲ. ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಚೀಲ ಹುಟ್ಟುತ್ತಿತ್ತು, ಇಳಿಯುತ್ತಿತ್ತು, ಕಸಬರಿಗೆ ಬಂದಾಗ ಇಲ್ಲವಾಗುತ್ತಿತ್ತು. ಶೇಖವ್ವ ಒಂದೇ ಸಮನೆ ಕೂಗುತ್ತಿದ್ದಳು. ಅವಳ ಬೆರಳಿಗೆ ಬಳಸಿ ಹೋಗಲು ಏನೂ ಇರಲಿಲ್ಲ. ಸಂಜೆಯವರೆಗೆ ಅವನತ್ತ ಯಾರೂ ತಿರುಗಿ ನೋಡಲಿಲ್ಲ.

ಬಿಸಿಲು ಇಳಿದಾಗ ಚನ್ನವೀರಪ್ಪ ಹೊರಗೆ ಬಂದರು. “ಭೇಷ್ ರೀ. ಇದ್ದದ್ದs ಗೊತ್ತಾಗಲಿಲ್ಲ ಇವತ್ತ.” ಯಂತ್ರಕ್ಕೆ ಹೇಳಿದರೋ ಅವನಿಗೋ ತಿಳಿಯಲಿಲ್ಲ. “ಇನ್ನ ನಿಮಗ ತ್ರಾಸಿಲ್ಲ ಬಿಡ್ರಿ. ಸವಣೂರಿಂದ ಇಲ್ಲೀತನಕ ಯಾಕ ಬರ್ತೀರಿ?”

“ಹೌದ್ರಿ,” ಎಂದ ಸಿರಾಜುದ್ದೀನ.

ಐಶ್ವರ್ಯಳ ಸಂದೇಶ ಬಂದಿತ್ತು: ‘ನೋಡಿದೆ. ಭಾಳ ಚೊಲೊ ಬರದಿ. ಇನ್ನ ಇಲ್ಲಿ ಆಫೀಸಿಂದs ನೋಡ್ಕೊಂಡ್ರಾತು.’

ಹಮಾಲರು ಹೋದರು. ಹಾವೇರಿಯ ಬಸ್ಸು ತಿರುವಿನಲ್ಲಿ ಬಂದು ನಿಂತಿತು. ಟ್ಯಾಬಿನ ಮೇಲೆ ಸೊನ್ನೆ ಹೊಳೆಯುತ್ತಿತ್ತು. ಅವನು ಕಾಟಾದ ಪಕ್ಕ ಕುಕ್ಕರಿಸಿ ಕುಳಿತು, ಬಿಸಿಲಿಗೆ ಕಾದ ತಗಡಿನ ಮೇಲೆ ಅಂಗೈ ಇಟ್ಟ. ಸೊನ್ನೆ ಬದಲಾಗಲಿಲ್ಲ. ತುಸು ಒತ್ತಿದ. ಸೊನ್ನೆಯೇ. ಇನ್ನೂ ಒತ್ತಿದ. ಅಂಕಿ ಒಮ್ಮೆ ಮಿನುಗಿ ಮೂಡಿತು. ಲ್ಯಾಪ್‌ಟಾಪಿನಲ್ಲಿ ಒಂದು ಆಬ್ಜೆಕ್ಟ್ ಹುಟ್ಟಿತು. ರೈತನ ಹೆಸರಿನ ಜಾಗ ಖಾಲಿ. ಮಾಲಿನ ಜಾಗ ಖಾಲಿ. ಒಂದಿಷ್ಟು ಭಾರ, ಅಷ್ಟೇ.

“ಸಾಹೇಬ್ರ, ಬಸ್ ಹೊಂಟತ್ರಿ,” ಎಂದಳು ಶೇಖವ್ವ, ಕಾಳು ಬಳಿಯುತ್ತ, ತಲೆ ಎತ್ತದೆ.

“ಬಂದೆ,” ಎಂದ.

ಕಂಡಕ್ಟರ್ ಸೀಟಿ ಊದಿದ. ಸಿರಾಜುದ್ದೀನನ ಒತ್ತು ಸಡಿಲವಾಗುತ್ತ, ಪರದೆಯ ಅಂಕಿ ಸೊನ್ನೆಯತ್ತ ಇಳಿಯತೊಡಗಿತು. ಅವನು ಇನ್ನೊಂದು ಅಂಗೈಯನ್ನೂ ಮೊದಲಿನದರ ಮೇಲಿಟ್ಟು ಒತ್ತಿದ.