ಪಾಡ್ಯದ ರುಮಾಲು

ದೀಪಾವಳಿ ಪಾಡ್ಯದ ದಿನ ಜಮಖಂಡಿಯ ನಮ್ಮ ಮನೆಯಲ್ಲಿ ಯಾರಿಗೂ ಕೈ ಬಿಡುವಿರುವುದಿಲ್ಲ. ಬೆಳಿಗ್ಗೆ ಎಣ್ಣೆಸ್ನಾನ, ಆರತಿ, ಆಮೇಲೆ ಹೂರಣದ ಹೋಳಿಗೆ, ಕಟ್ಟಿನ ಸಾರು. ಅದರ ನಡುವೆ ಹಿತ್ತಲಲ್ಲಿ ಎಂಟು ಹತ್ತು ಎಲೆ ಬೇರೆಯಾಗಿ ಹಾಸಬೇಕು. ಆ ಎಲೆಗಳು ಗಲಗಲಿಯ ಕಡೆಯಿಂದ ಬರುವ ಹೊಳೆಪ್ಪನ ಮನೆಯವರಿಗೆ. ಬೇಡರ ಮಂದಿ. ಕೃಷ್ಣೆಯ ದಂಡೆಯಲ್ಲಿ ಅವರ ಓಣಿ, ಓಣಿಯ ಬೆನ್ನಿಗೆ ನಮ್ಮ ಹೊಲ. 'ನಮ್ಮ' ಎಂದು ಬರೆಯುವಾಗ ಈಗ ಕೈ ತಡೆಯುತ್ತದೆ. ಈ ಮನೆಗೆ ಸೊಸೆಯಾಗಿ ಬಂದ ಮೂವತ್ತೈದು ವರ್ಷ ತಡೆಯಲಿಲ್ಲ ನೋಡಿ.

ಅಂದು ನನ್ನ ಯಜಮಾನರು, ಸದಾಶಿವರಾಯರು, ಪಡಸಾಲೆಯಲ್ಲಿ ಹೊಳೆಪ್ಪನ ತಲೆಗೆ ರುಮಾಲು ಸುತ್ತಿ ಕೈಗೊಂದು ತೆಂಗಿನಕಾಯಿ ಕೊಡುತ್ತಾರೆ. ಹೊಳೆಪ್ಪ ಹಳೆಯ ದಫ್ತರದಲ್ಲಿ ಹೆಬ್ಬೆಟ್ಟು ಒತ್ತುತ್ತಾನೆ. ಅವನಿಗೆ ಸಹಿ ಮಾಡಲು ಚೆನ್ನಾಗಿ ಬರುತ್ತದೆ, ಆದರೂ ಹೆಬ್ಬೆಟ್ಟೇ ಆಗಬೇಕು, ಪದ್ಧತಿ. ಇದಕ್ಕೆ ಮಾನದ ರುಮಾಲು ಎಂದು ಹೆಸರು. ಹೊಳೆಪ್ಪನ ಮಂದಿ ತಿಳಿದುಕೊಂಡಿದ್ದು ಇಷ್ಟು: 'ನೆಲ ನಮ್ಮದು, ರಾಯರ ಮನೆಯವರು ಅದನ್ನು ಬಿತ್ತುತ್ತಾರೆ, ಅದಕ್ಕೇ ವರ್ಷಕ್ಕೊಮ್ಮೆ ನಮಗೆ ಮಾನ.' ಅವರ ಸತ್ತವರೆಲ್ಲ ಆ ಹೊಲದ ಬೇವಿನ ಗಿಡಗಳ ಕೆಳಗೇ ಇದ್ದಾರೆ.

ದಫ್ತರದಲ್ಲಿರುವ ಮಾತು ಬೇರೆ. ಪ್ರತಿ ಹೆಬ್ಬೆಟ್ಟಿನ ಮೇಲೂ ಹಳೆಯ ಮರಾಠಿ ಮೋಡಿ ಲಿಪಿಯಲ್ಲಿ ಒಂದೇ ಸಾಲು: 'ಹಿರಿಯರು ಮಾರಿದ ಈ ನೆಲದ ಮೇಲೆ ನಮಗೆ ಯಾವ ಹಕ್ಕೂ ಇಲ್ಲ, ಖುಷಿಯಿಂದ ಮಾನ ಪಡೆದೆವು.' ಯಜಮಾನರಿಗೆ ಮೋಡಿ ಓದಲು ಬರುವುದಿಲ್ಲ. ಸಾಲಿನ ಅರ್ಥ ಮಾವನವರು ಹೇಳಿಕೊಟ್ಟದ್ದು. ಅಕ್ಷರವನ್ನು ಮಾತ್ರ ಇವರು ರಂಗೋಲಿ ತೆಗೆದ ಹಾಗೆ ಹಿಂದಿನ ವರ್ಷದ್ದನ್ನು ನೋಡಿ ನಕಲು ಮಾಡುತ್ತಾರೆ. ಓದಲು ಬರುವುದು ನನಗೆ. ನಮ್ಮ ಅಜ್ಜ ಕಲಿಸಿದ್ದರು.

ಹನ್ನೊಂದು ವರ್ಷದ ಹಿಂದೆ ಮಾವನವರು ತೀರಿಕೊಂಡ ಮೇಲೆ ಕಪಾಟು ಒಪ್ಪ ಮಾಡುವಾಗ ಎರಡು ಕಾಗದ ಸಿಕ್ಕವು. ಬ್ರಿಟಿಷರ ಕಾಲದವು, ಅವೂ ಮೋಡಿಯಲ್ಲೇ ಬರೆದವು. ಯಾರೋ ಒಬ್ಬ ಸಾಹೇಬ ತನ್ನ ಕುದುರೆಗಳಿಗಾಗಿ ಹೊಳೆದಂಡೆಯ ಆ ನೆಲವನ್ನು ಬೇಡರಿಂದ ಕರಾರು ಬರೆಸಿ ಕೊಂಡಿದ್ದ. ನಡುವೆ ನಿಂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಹೇಳಿದವರು ನಮ್ಮ ಮನೆತನದ ಹಿರಿಯರು. ಒಂದು ಕಾಗದ ಕಚ್ಚಾ ಪ್ರತಿ. ಬೇಡರ ಮುಖಂಡ ಆಡಿದ್ದನ್ನು ಆಡಿದಂತೆ ಗೀಚಿಕೊಂಡದ್ದು: 'ಮೂರು ಮಳೆಗಾಲ ಹುಲ್ಲು ಮೇಯಿಸಿಕೊಳ್ಳಲಿ. ನೆಲ ನಮ್ಮದು. ನಮ್ಮ ಸತ್ತವರು ಅಲ್ಲಿದ್ದಾರೆ, ಮುಂದೆಯೂ ಅಲ್ಲೇ ಇರುತ್ತಾರೆ.' ಇನ್ನೊಂದು ಪಕ್ಕಾ ಪ್ರತಿ, ಅದೇ ಕೈಬರಹ, ಅದೇ ದಿನ: 'ನೆಲವನ್ನು ಖಾಯಂ ಆಗಿ ಮಾರಿದ್ದೇವೆ.' ಕೆಳಗೆ ಐದು ಹೆಬ್ಬೆಟ್ಟು. ಸಾಹೇಬ ವರ್ಗವಾಗಿ ಹೋಗುವಾಗ ಆ ನೆಲವನ್ನು ನಮ್ಮ ಹಿರಿಯರಿಗೆ ಇನಾಮು ಕೊಟ್ಟು ಹೋದ.

ನಾನು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಇತಿಹಾಸ ಹೇಳಿದವಳು. ಅಮೆರಿಕದಲ್ಲಿ ಬಿಳಿಯರು ಮೂಲನಿವಾಸಿಗಳ ನೆಲವನ್ನು ಒಪ್ಪಂದ ಬರೆಸಿ ಹೇಗೆ ಕೊಂಡರು ಎಂಬ ಪಾಠ ಬಂದಾಗ ಮೇಜು ಕುಟ್ಟುತ್ತಿದ್ದೆ. "ಓದಲಿಕ್ಕೆ ಬರದವರ ಕೈಲೆ ಗುರುತು ಹಾಕಿಸಿಕೊಂಡರ ಅದು ವ್ಯಾಪಾರ ಅಲ್ಲ, ಕಳವು" ಎನ್ನುತ್ತಿದ್ದೆ. ಮಕ್ಕಳಿಗೂ ಊರಿಗೂ ಬಾಯಾರು ಎನಿಸಿಕೊಂಡ ಅದೇ ನಾನು ಆ ಎರಡೂ ಕಾಗದ ಮಡಿಚಿ ನನ್ನ ಕಪಾಟಿನ ಸೀರೆಗಳ ಕೆಳಗಿಟ್ಟು ಬೀಗ ಹಾಕಿದೆ.

ಆ ವರ್ಷದ ಪಾಡ್ಯಕ್ಕೆ ಹೊಳೆಪ್ಪನ ತಾಯಿ ತಾಯವ್ವನೂ ಬಂದಿದ್ದಳು. ಊಟವಾದ ಮೇಲೆ ನನ್ನ ಪಕ್ಕದಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ ಕೇಳಿದಳು.

"ಬಾಯಾರ, ಆ ಹಳೇ ಕಾಗದದಾಗ ನಮ್ಮ ಮಂದೀದ ಏನ ಬರದೈತ್ರಿ? ಮೊಮ್ಮಗಳು ಕೇಳಾಕತ್ತಾಳ."

"ಏನೂ ಇಲ್ಲ ತಾಯವ್ವ. ಮಾನ ಕೊಡೋದರ ಬಗ್ಗೆ ಅದ, ಅಷ್ಟ."

ಅವಳು ನಂಬಿದಳು. ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. "ನನ್ನ ಗಂಡನ ಮಗ್ಗಲಾಗ ಜಾಗಾ ಐತ್ರಿ, ಅದೊಂದ ಸಾಕು ನನಗ" ಎಂದಳು.

ಈ ವರ್ಷ ಶ್ರಾವಣದಲ್ಲಿ ತಾಯವ್ವ ಸತ್ತಳು. ಅಷ್ಟು ಹೊತ್ತಿಗೆ ಹೊಲ ಕೊಳ್ಳಲು ಮುಧೋಳದ ಕಡೆಯ ಒಬ್ಬರು ಒಪ್ಪಿದ್ದರು. ಹೊಲದ ಸುತ್ತ ಆಗಲೇ ತಂತಿಬೇಲಿ, ಗೇಟಿಗೆ ಬೀಗ. ಹೊಳೆಪ್ಪ ಫೋನು ಮಾಡಿದಾಗ ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ, ಯಜಮಾನರು ಬಾಗಿಲಲ್ಲೇ ನಿಂತು ಮಾತಾಡಿದರು.

"ಹಂಗಲ್ಲೋ ಹೊಳೆಪ್ಪ, ಈಗ ಅಲ್ಲಿ ಮಣ್ಣ ಮಾಡಿದರ ತೊಗೊಳ್ಳೋರು ಹಿಂದ ಸರೀತಾರ. ಬ್ಯಾರೆ ಕಡೆ ನೋಡ್ಕೋ. ಸತ್ತವರಿಗೆ ಎಲ್ಲಾ ಮಣ್ಣೂ ಒಂದ."

ಜಿಟಿಜಿಟಿ ಮಳೆಯಲ್ಲಿ ಹೆಣ ಮೂರು ತಾಸು ಬೇಲಿಯ ಹೊರಗೆ ಕಾಯಿತಂತೆ. ಕಡೆಗೆ ರಸ್ತೆ ದಾಟಿ ಊರ ಸ್ಮಶಾನದ ಮೂಲೆಯಲ್ಲಿ ಮಣ್ಣು ಮಾಡಿದರು. ಗಂಡ ಈಚೆ, ಅವಳು ಆಚೆ. ನಾನು ಅಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಚಹಾ ಸೋಸಿ ಕಪ್ಪು ಅವರ ಕೈಗೆ ಕೊಟ್ಟೆ.

ಹಾಗೆ ಈ ಸಲದ ಪಾಡ್ಯ ಬಂತು. ದಫ್ತರದ ಜೊತೆಗೆ ವಕೀಲರು ತಯಾರಿಸಿದ ಛಾಪಾ ಕಾಗದವೂ ಬಂತು. ಹೊಲದ ಮೇಲೆ ಬೇಡರಿಗೆ ಹಕ್ಕಿಲ್ಲ, ಮಾರಲು ತಕರಾರಿಲ್ಲ ಎಂಬ ಒಪ್ಪಿಗೆ ಅದು; ಅದಕ್ಕೆ ಹೊಳೆಪ್ಪನದೊಂದು ಹೆಬ್ಬೆಟ್ಟು ಬಿದ್ದರೆ ಹೊಲ ಮಾರಾಟವಾಗುತ್ತದೆ, ಬೇವಿನ ಗಿಡಗಳ ಸಮೇತ.

ಬೆಳಿಗ್ಗೆ ಅಡುಗೆಮನೆಯಲ್ಲಿ ನಾನು ಬಾಯಿ ಬಿಟ್ಟೆ. "ಈ ಸಲ ಹೆಬ್ಬೆಟ್ಟು ಹಾಕಸಬ್ಯಾಡ್ರಿ. ಆ ನೆಲ ನಾವು ಕೊಂಡದ್ದಲ್ಲ. ನಾ ಓದೀನಿ."

"ಓದಿದರ ಓದೀದಿ. ನೂರೈವತ್ತು ವರ್ಷದ್ದು ಈಗ್ಯಾಕ ಕೆದಕ್ತೀ? ನಾನೇನು ಕಸಗೊಂಡೀನೇನು?"

"ಹಿರ್ಯಾರು ಕಸಗೊಂಡರು, ನಾವು ಪ್ರತಿ ವರ್ಷ ರುಮಾಲು ಸುತ್ತಿ ಅದನ್ನ ಗಟ್ಟಿ ಮಾಡ್ಲಿಕತ್ತೇವಿ."

"ಮಾನ ಕೊಡ್ತೇವಿ, ಹೊಟ್ಟಿ ತುಂಬ ಉಣಸ್ತೇವಿ. ಯಾವ ಮನಿಯವರು ಇಷ್ಟು ಮಾಡ್ತಾರ ಹೇಳು?"

"ಹಿತ್ತಲದಾಗ ಉಣಸ್ತೇವ್ರಿ. ಅದೂ ಹೇಳ್ರಿ."

"ಅಲಕಾ, ನಮ್ಮಪ್ಪ ನಡಸಿದ್ದು ನಾ ನಡಸ್ತೀನಿ. ಹೂರಣ ರುಬ್ಬು, ಹೊತ್ತಾತು."

ಹೂರಣ ರುಬ್ಬಿದೆ. ಅದನ್ನೂ ಹೇಳಿಬಿಡುತ್ತೇನೆ, ರುಬ್ಬಿದೆ. ಹೊಳೆಪ್ಪ ಪಡಸಾಲೆಗೆ ಬಂದು ಕೂತ. ಅವನ ಹಿಂದೆ ಮಗಳು ಸರಿತಾ, ಲೋಕಾಪುರದಲ್ಲಿ ನರ್ಸು. ನಮ್ಮ ಮನೆಗೆ ಇದೇ ಮೊದಲ ಸಲ ಬಂದಿದ್ದಳು. ರುಮಾಲು ಸುತ್ತಿದ್ದಾಯಿತು. ಯಜಮಾನರು ಮಸಿಯ ಡಬ್ಬಿ ತೆರೆದರು, ಹೊಳೆಪ್ಪ ಹೆಬ್ಬೆರಳು ಚಾಚಿದ. ಆಗ ನಾನು ಸೀರೆಯ ಕೆಳಗಿನ ಕಾಗದ ತಂದು ನಡುವೆ ನಿಂತೆ. ಕಚ್ಚಾ ಪ್ರತಿಯನ್ನೂ ಪಕ್ಕಾ ಪ್ರತಿಯನ್ನೂ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ದಫ್ತರದ ಸಾಲನ್ನೂ ಓದಿದೆ.

"ಮನಿ ಮರ್ಯಾದಿ ಮಣ್ಣುಪಾಲ ಮಾಡಿದಿ" ಎಂದರು ಯಜಮಾನರು, ಮೆಲ್ಲಗೆ.

ಹೊಳೆಪ್ಪ ಬೆರಳು ಹಿಂದಕ್ಕೆ ತೆಗೆದುಕೊಂಡ. ತಲೆಯ ರುಮಾಲು ಬಿಚ್ಚಿ, ಮಡಿಕೆ ಮಾಡಿ ಚಾಪೆಯ ಮೇಲಿಟ್ಟ. "ಇದು ನಮಗ ಬ್ಯಾಡ್ರಿ ರಾಯರ. ಹೆಬ್ಬಟ್ಟು ಹಾಕಾಂಗಿಲ್ಲ."

ಸರಿತಾ ನನ್ನನ್ನೇ ನೋಡುತ್ತಿದ್ದಳು. "ಇದನ್ನ ಯಾವಾಗ ಓದಿದ್ರಿ ಬಾಯಾರ?"

"ಹನ್ನೊಂದು ವರ್ಷ ಆತು."

"ಶ್ರಾವಣದಾಗ ನಮ್ಮ ಆಯಿ ಹೆಣ ಬೇಲಿ ಹೊರಗ ಇದ್ದಾಗ?"

"ನನ್ನ ಕಪಾಟದಾಗ ಇತ್ತು."

ಅವಳು ಕೈ ಚಾಚಿದಳು. ಎರಡೂ ಕಾಗದ ಕೊಟ್ಟೆ. ಕೊಳ್ಳುವವರು ಮರುದಿನವೇ ಹಿಂದೆ ಸರಿದರು. ಹೊಳೆಪ್ಪನ ಮನೆಯವರು ದಾವೆ ಹಾಕಿದ್ದಾರೆ, ಕೋರ್ಟು ಏನು ಹೇಳುತ್ತದೋ ನನಗೆ ಗೊತ್ತಿಲ್ಲ. ನಾನು ಸಾಕ್ಷಿ ಹೇಳುತ್ತೇನೆ. ಯಜಮಾನರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅದು ದೊಡ್ಡ ಮಾತಲ್ಲ. ಇದನ್ನು ಓದುವ ದೊಡ್ಡ ಮನೆಗಳ ಅಕ್ಕತಂಗಿಯರೇ, ನಿಮ್ಮ ಕಪಾಟಿನಲ್ಲೂ ಇಂಥ ಕಾಗದ ಇದ್ದೀತು. ಕೇಳುವವರು ಬದುಕಿರುವಾಗಲೇ ತೆಗೆದು ಓದಿ.

ಹೊಳೆಪ್ಪನ ಮನೆಯವರು ಆ ಪಾಡ್ಯದಂದು ಊಟ ಮಾಡಲಿಲ್ಲ. ಹೊಸ್ತಿಲು ದಾಟಿದ ಮೇಲೆ ಹೊಳೆಪ್ಪ ತಿರುಗಿ ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಬಾಯಾರ, ನಮ್ಮವ್ವ ಹಾಸಿಗಿ ಹಿಡದಾಗ ಈ ಹುಡುಗಿ ಅಂದ್ಲರಿ, ಬಾಯಾರಿಗೆ ಎಲ್ಲಾ ಗೊತ್ತೈತಿ, ಮುಚ್ಚಿಟ್ಟಾರ ಅಂತ. ನಮ್ಮವ್ವ ಬೈದ್ಲರಿ ಇಕಿಗೆ. ಆ ಬಾಯಾರಿಗೆ ಆ ಅಕ್ಷರ ಓದಾಕ ಬರಾಂಗಿಲ್ಲ ಬೇ, ಬಂದಿದ್ರ ನನಗ ಹೇಳದ ಇರ್ತಿದ್ದಿಲ್ಲ, ಅಂದ್ಲು."