ಅಲ್ಲಾಡಿದ ಕೈ

ಫೋಟೋ ಕಾಗದ ಔಷಧದ ನೀರಿಗಿಳಿದ ಸದ್ದು, ಎಷ್ಟು ಸಣ್ಣ ಸದ್ದು, ಪಕ್ಕದಲ್ಲಿ ಮಲಗಿದವರು ಮಗ್ಗುಲು ಬದಲಾಯಿಸಿದ ಹಾಗೆ — ಪಕ್ಕದಲ್ಲಿ ಯಾರಿದ್ದಾರೆ ಈಗ, ತಟ್ಟೆ ಅಲ್ಲಾಡಿಸು, ಮೆಲ್ಲಗೆ, ಒಂದು ಮೂಲೆ ಎತ್ತಿ ಇಳಿಸು, ಆಮೇಲೆ ಇನ್ನೊಂದು, ಮಗೂನ ಮಲಗಿಸೋ ಹಾಗೆ ಅಂತ ಪೆಟ್ಟಿಗೆ ಕ್ಯಾಮೆರಾ ಮೇಷ್ಟ್ರು ಹೇಳಿಕೊಟ್ಟದ್ದು, ನಾನು ಯಾವ ಮಗುವನ್ನು ಮಲಗಿಸಿದ್ದೇನೆ, ಅಕ್ಕನ ಮಗಳನ್ನು ಬಿಟ್ಟರೆ. ಬಚ್ಚಲಿನ ಕಿಟಕಿಗೆ ರಟ್ಟು ಬಡಿದಿದ್ದೇನೆ, ಆದರೂ ಹೊರಗೆ ಮಟಮಟ ಮಧ್ಯಾಹ್ನ ಅಂತ ಕಿವಿಗೆ ಗೊತ್ತು, ಸ್ಕೂಟರು, ತಳ್ಳುಗಾಡಿ, ಯಾರೋ ಬಾಗಿಲು ತಟ್ಟುತ್ತಿದ್ದಾರೆ, ನಮ್ಮ ಬಾಗಿಲಲ್ಲ, ನಮ್ಮ ಅನ್ನುವುದು ಇನ್ನೂ ನಾಲಿಗೆಯಿಂದ ಹೋಗಿಲ್ಲ, ನನ್ನ ಬಾಗಿಲಲ್ಲ. ಕೆಂಪು ದೀಪದಲ್ಲಿ ಎಲ್ಲವೂ ಕೆಂಪು, ಬಕೆಟ್ಟು, ನಲ್ಲಿ, ಲೋಟದಲ್ಲಿ ಎರಡು ಹಲ್ಲುಜ್ಜುವ ಬ್ರಷ್ಷು, ಒಂದನ್ನು ಎಸೆಯಬೇಕು, ನಾಳೆ ಎಸೆದರಾಯಿತು, ಅಕ್ಕ ಹೋದ ದಿನದಿಂದಲೂ ನಾಳೆ. ಕಾಗದ ಖಾಲಿ. ಇನ್ನೂ ಏನೂ ಮೂಡಿಲ್ಲ.

ಅಮ್ಮನ ಫೋಟೋ ಮುಖದವರೆಗೆ ಸಾಕು ಚಿಕ್ಕಮ್ಮ, ಆ ಕೈ ಬೇಡ, ಅಮ್ಮನ ಕೈ ನೆನೆಸ್ಕೊಂಡ್ರೇ ಸಂಕಟ ಆಗತ್ತೆ, ಅಂದಳು ಅಕ್ಕನ ಮಗಳು ಫೋನಿನಲ್ಲಿ, ಸರಿ ಅಂದೆ, ಕಪ್ಪು ಕಾಗದ ಕತ್ತರಿಸಿ ಕಿಟಕಿ ಮಾಡಿ ಮುಖವೊಂದನ್ನೇ ಅಚ್ಚು ಹಾಕಿ ಕಳಿಸಿದೆ, ಅಯ್ಯೋ ಮಾತಾಡೋ ಹಾಗಿದೆ ಅಂದಳು, ಅತ್ತಳು, ಗೋಡೆಗೆ ಹಾಕಿಸಿದಳಂತೆ. ಇವತ್ತಿನದು ನನಗೆ. ಪೂರ್ತಿ ನೆಗೆಟಿವ್ ಇಟ್ಟು ಗಾಜು ಒತ್ತಿ ಬೆಳಕು ಕೊಟ್ಟಿದ್ದೇನೆ, ಕೈ ಅಲ್ಲಾಡಿದ್ದರೆ ಅಲ್ಲಾಡಿರಲಿ, ಕೊನೆಗಾಲದಲ್ಲಿ ಆ ಬಲಗೈ ಯಾವಾಗ ತಾನೆ ಸುಮ್ಮನಿತ್ತು, ಚಹಾ ಕುಡಿಯುವಾಗ ಬಟ್ಟಲು ಬಸಿಯ ಮೇಲೆ ಕಟಕಟ ಅನ್ನುತ್ತಿತ್ತು, ಯಾರದೋ ಮದುವೆ ಇರ್ಬೇಕು ಕಣೇ, ನನ್ನ ಕೈ ನನ್ನ ಕೇಳದೆ ಕುಣೀತಿದೆ ಅನ್ನುತ್ತಿದ್ದಳು, ನಗುತ್ತಿದ್ದೆವು, ಆಮೇಲೆ ಅವಳು ಆ ಕೈಯನ್ನು ಶಾಲಿನೊಳಗೆ ಸೇರಿಸಿಕೊಂಡು ಗೋಡೆ ನೋಡುತ್ತಾ ಕೂರುತ್ತಿದ್ದಳು. ಒಂದು ಮನೆಯಲ್ಲಿ ಇಬ್ಬರು ಹೆಂಗಸರು ದಿನಕ್ಕೆ ಎಷ್ಟು ಮಾತಾಡಬಹುದು, ಹಾಲು ಬಂತಾ, ಬಂತು, ದೀಪ ಆರಿಸಿದ್ಯಾ, ಆರಿಸಿದೆ. ನಾನಾಗಿ ಬಂದವಳಲ್ಲ, ಅವಳಾಗಿ ಕರೆದವಳೂ ಅಲ್ಲ, ಭಾವ ತೀರಿಕೊಂಡ ಮೇಲೆ ಅಕ್ಕನ ಮಗಳೇ ಏರ್ಪಾಟು ಮಾಡಿದ್ದು, ಚಿಕ್ಕಮ್ಮ, ನೀವೂ ಒಬ್ಬರೇ, ಅಮ್ಮನೂ ಒಬ್ಬರೇ, ಅಲ್ಲಿ ಹೋಗಿ ಇದ್ಬಿಡಿ. ಟ್ರಂಕು ಹೊತ್ತು ಬಂದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿ, ಆ ಮೂಲೇಲಿಡು ಅಂದಳು, ಅಷ್ಟೇ, ಬಾ ಅನ್ನಲಿಲ್ಲ. ಇಷ್ಟು ವರ್ಷ ಅದೊಂದೇ ಮುಳ್ಳು. ನಾನಿದ್ದದ್ದು ಅವಳಿಗೆ ಬೇಕಿತ್ತೋ, ಇದ್ದಾಳೆ ಇರಲಿ ಅಂತಿತ್ತೋ, ಕೇಳಬೇಕು ಅಂತ ಎಷ್ಟು ಸಲ ಬಾಯಿಗೆ ಬಂದಿತ್ತು, ಹಾಲು ಬಂತಾ ಅಂತ ಕೇಳಿದೆ.

ಅಲ್ಲಾಡಿಸು, ನಿಲ್ಲಿಸಬೇಡ. ಕನ್ನಡಕದ ಅಂಗಡಿಯಲ್ಲಿ ಕಳೆದವು ನನ್ನ ವರ್ಷಗಳು, ಹೀಗೆ ಸ್ಪಷ್ಟನಾ, ಈಗ, ಈಗ ಹೇಗೆ, ಊರಿನವರ ಕಣ್ಣೆಲ್ಲ ಸರಿಮಾಡಿ ಕಳಿಸಿ ಕೆಲಸ ಬಿಟ್ಟ ಮೇಲೆ ನನ್ನ ಎರಡು ಕಣ್ಣಿಗೆ ನೋಡುವುದಕ್ಕೆ ಏನೂ ಇರಲಿಲ್ಲ, ಅದಕ್ಕೇ ಭಾನುವಾರದ ಪಾಠಕ್ಕೆ ಸೇರಿದ್ದು, ಮೇಷ್ಟ್ರ ಮರದ ಪೆಟ್ಟಿಗೆ ಕ್ಯಾಮೆರಾ, ಕಪ್ಪು ಬಟ್ಟೆ ಹೊದ್ದು ಹಿಂದಿನ ಗಾಜು ನೋಡಿದರೆ ಲೋಕವೆಲ್ಲ ತಲೆಕೆಳಗು, ಮರ, ಸೈಕಲ್ಲು, ಮೇಷ್ಟ್ರ ಬೋಳು ತಲೆ, ಮೊದಲ ದಿನ ಬಟ್ಟೆಯೊಳಗೇ ಕಿಸಕ್ಕನೆ ನಕ್ಕುಬಿಟ್ಟಿದ್ದೆ. ಅವರು ಒಂದು ರಸ್ತೆಯ ಚಿತ್ರ ತೋರಿಸಿದ್ದರು, ಅಂಗಡಿ ಬೀದಿ, ಒಂದು ನರಪಿಳ್ಳೆಯೂ ಇಲ್ಲ, ಮಲಗಿದ ನಾಯಿಯೊಂದು. ಜನ ಗಿಜಿಗಿಜಿ ಅಂತಿದ್ರು ಅಮ್ಮಾ, ಲೆನ್ಸಿನ ಮುಚ್ಚಳ ತೆಗೆದು ಬಹಳ ಹೊತ್ತು ಬಿಟ್ಟಿದ್ದೆ, ಓಡಾಡೋರು ಯಾರೂ ಬರಲ್ಲ, ಸುಮ್ನಿದ್ದೋರು ಮಾತ್ರ ಉಳೀತಾರೆ, ಮಧ್ಯದಲ್ಲಿ ಬಂದು ಕೂತೋರು ಅರ್ಧಂಬರ್ಧ ಬರ್ತಾರೆ, ದೆವ್ವದ ಹಾಗೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ನಾನು ಜೀವಮಾನವೆಲ್ಲ ಒಂದೇ ಜಾಗದಲ್ಲಿ ಸುಮ್ಮನೆ ನಿಂತವಳು, ಯಾವ ಚಿತ್ರದಲ್ಲಿ ಉಳಿದಿದ್ದೇನೆ, ಅಕ್ಕನ ಮದುವೆ, ಮಗುವಿನ ಹುಟ್ಟುಹಬ್ಬ, ಮಗುವಿನ ಮದುವೆ, ಎಲ್ಲರೂ ಸಾಲಾಗಿ ನಿಂತ ಮೇಲೆ ಯಾರಾದರೂ ಒಬ್ಬರು, ಏ, ನೀನೇ ತೆಗಿಯೇ, ನಿನ್ನ ಕೈ ಗಟ್ಟಿ, ಸರಿ ಅಂತ ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಹೋಗುತ್ತಿದ್ದೆ, ಎಲ್ಲರೂ ಹಿಡಿಸುವವರೆಗೆ. ಆಲ್ಬಮ್ಮು ಹುಡುಕಿದರೆ ನಾನೆಲ್ಲೂ ಇಲ್ಲ. ಅಕ್ಕನ ಪಕ್ಕ ಎಲ್ಲೂ ಇಲ್ಲ.

ಕಪ್ಪು ಬರುತ್ತಿದೆ, ಮೊದಲು ಬರುವುದು ಕಪ್ಪೇ, ಅಗೋ ಬಾಗಿಲ ನೆರಳು, ಅಗೋ ಬೆಂಚು, ಹಿಂದಿನ ಜಗುಲಿಯ ಹಳೆಯ ಬೆಂಚು, ಮೇಷ್ಟ್ರ ಪೆಟ್ಟಿಗೆ ಕೇಳಿ ತಂದು ಅಕ್ಕನನ್ನು ಅಲ್ಲೇ ಕೂರಿಸಿದ್ದೆ ಅವತ್ತು, ಬೆಳಕು ಚೆನ್ನಾಗಿತ್ತು. ಮಧ್ಯಕ್ಕೆ ಬಾ ಅಕ್ಕ. ಇಲ್ಲೇ ಸರಿ. ಒಂದು ಪಕ್ಕಕ್ಕಾಯ್ತು ಅಕ್ಕ, ಈ ಕಡೆ ಎಲ್ಲ ಖಾಲಿ. ಇರ್ಲಿ ಬಿಡೇ. ಮೊಂಡಿ, ಜರುಗಲಿಲ್ಲ, ಬೆಂಚಿನ ತುದಿಗೆ ಅಂಟಿಕೊಂಡಂತೆ ಕೂತಳು. ಮುಚ್ಚಳ ತೆಗೀತೀನಿ, ಹನ್ನೆರಡು ಎಣಿಸೋವರೆಗೆ ಅಲ್ಲಾಡಬೇಡ, ಮಾತಾಡಬೇಡ, ಬಾಯಿ ತೆರೆದ್ರೆ ಮುಖ ಕಲಸಿಹೋಗುತ್ತೆ. ಹೂಂ. ಮುಚ್ಚಳ ತೆಗೆದು ಗೋಡೆ ಗಡಿಯಾರದ ಕಡೆ ತಿರುಗಿದೆ, ಒಂದು, ಎರಡು, ಅವಳನ್ನು ನೋಡಲೇ ಇಲ್ಲ, ಮುಳ್ಳನ್ನೇ ನೋಡಿದೆ, ಹನ್ನೊಂದು, ಹನ್ನೆರಡು, ಮುಚ್ಚಳ. ಆಯ್ತು ಅಕ್ಕ. ಇಷ್ಟೇನಾ, ಅಂದಳು. ಇಷ್ಟೇ. ಎದ್ದು ಒಳಗೆ ಹೋದಳು. ಕ್ಯಾಮೆರಾವನ್ನು ಆಡಿಕೊಂಡಳು ಅಂತ ಸಂಜೆಯವರೆಗೆ ಮುಖ ದಪ್ಪ ಮಾಡಿಕೊಂಡಿದ್ದೆ. ನೆಗೆಟಿವ್ ನೋಡಿ ಮೇಷ್ಟ್ರು ತುಟಿ ಕಚ್ಚಿದರು, ಕೈ ಅಲ್ಲಾಡಿದೆ ಅಮ್ಮಾ, ಹೊಗೆ ಥರ ಬಂದಿದೆ, ಮುಖ ಉಳಿಸ್ಕೊಳ್ಳಿ, ಇನ್ನೊಂದು ತೆಗೆಯೋಣವಂತೆ. ಇನ್ನೊಂದು ತೆಗೆಯುವಷ್ಟು ದಿನ ಅಕ್ಕನಿಗೆ ಇರಲಿಲ್ಲ.

ಬೆಂಚಿನ ಹಲಗೆ ಕಪ್ಪಾಗುತ್ತಿದೆ, ಕಪ್ಪಿನ ಮಧ್ಯೆ ಒಂದು ಕಡೆ ಮಾತ್ರ ಕಪ್ಪಾಗುತ್ತಿಲ್ಲ, ನೆಗೆಟಿವ್‌ಗೆ ಬೆಳಕು ಸೋರಿರಬೇಕು, ಅಲ್ಲ, ಹೊಗೆ, ಕೈ. ಆದರೆ ಕೈ ಇಲ್ಲೇಕೆ. ನಡುಗುವ ಕೈ ಮಡಿಲಲ್ಲಿರಬೇಕಿತ್ತು, ಮಡಿಲಲ್ಲಿ ಎಡಗೈಯೊಂದೇ ಇದೆ, ಉಗುರು ಸಮೇತ ಸ್ಪಷ್ಟ, ಬಲಗೈ ಶಾಲಿನಿಂದ ಹೊರಗೆ ಬಂದು ಬೆಂಚಿನ ಈ ಕಡೆ, ಖಾಲಿ ಕಡೆ. ಬಗ್ಗಿ ನೋಡು, ಹೀಗೆ ಸ್ಪಷ್ಟನಾ, ಈಗ. ಹಲಗೆಯ ಮೇಲೆ ಒಂದು ಅಂಗೈ, ಅಗಲವಾಗಿ, ಬೆರಳು ಎಣಿಸಬಹುದು, ಅದರ ಮೇಲೆ ಗೇಣೆತ್ತರದಲ್ಲಿ ಅದೇ ಅಂಗೈ ಇನ್ನೊಂದು ಸಲ, ಮಧ್ಯೆ ಮಂಜು. ನಡುಕ ಹೀಗಿರುವುದಿಲ್ಲ, ನಡುಕ ಇದ್ದಲ್ಲೇ ಇರುತ್ತದೆ. ಇದು ಎತ್ತಿ ಇಳಿಸಿದ್ದು, ತಟ್ಟಿದ್ದು. ಚಿಕ್ಕವರಿದ್ದಾಗ ಸಿಟಿ ಬಸ್ಸಿನಲ್ಲಿ ಅವಳು ಮೊದಲು ನುಗ್ಗಿ ಸೀಟು ಹಿಡಿದು, ಪಕ್ಕದ ಜಾಗವನ್ನು ಪಟಪಟ ತಟ್ಟುತ್ತಿದ್ದಳು, ದೊಡ್ಡವರು ಯಾರು ಬಂದರೂ ಬಿಡುತ್ತಿರಲಿಲ್ಲ, ನನ್ನ ತಂಗಿ ಬರ್ತಾಳೆ ರೀ, ತಂಗಿ, ಜನರ ಕಾಲಿನ ಸಂದಿಯಿಂದ ನಾನು ನುಸುಳಿ ಬರುವಾಗ ಮೊದಲು ಕಾಣುತ್ತಿದ್ದದ್ದು ಅವಳ ಮುಖವಲ್ಲ, ತಟ್ಟುವ ಆ ಕೈ.

ಮಾತಾಡಬೇಡ ಅಂದಿದ್ದೆ. ಮಾತಾಡಲಿಲ್ಲ. ಬಾಯಿ ಬಿಗಿಹಿಡಿದು, ಮುಖ ಒಂದಿಷ್ಟೂ ಕದಲಿಸದೆ, ಗಡಿಯಾರ ನೋಡುತ್ತಿದ್ದ ನನ್ನನ್ನು ಕೈಯಲ್ಲಿ — ಅದಕ್ಕೇ ತುದಿಯಲ್ಲಿ ಕೂತದ್ದು, ಅದಕ್ಕೇ ಮಧ್ಯಕ್ಕೆ ಬರಲಿಲ್ಲ, ಇಷ್ಟೇನಾ ಅಂದದ್ದು ಕ್ಯಾಮೆರಾಕ್ಕಲ್ಲ, ಎರಡು ಹೆಜ್ಜೆ, ಎಣಿಕೆಯ ಏಳಕ್ಕೋ ಎಂಟಕ್ಕೋ ತಿರುಗಿ ನೋಡಿದ್ದರೂ ಹೋಗಿ ಕೂರಬಹುದಿತ್ತು, ಅರ್ಧಂಬರ್ಧವಾದರೂ ಬರುತ್ತಿದ್ದೆ, ದೆವ್ವದ ಹಾಗಾದರೂ, ಅವಳ ಪಕ್ಕ. ಅಕ್ಕನ ಮುಖ ಈಗ ಬರುತ್ತಿದೆ, ಹಣೆ, ಮೂಗು, ಮುಚ್ಚಿದ ತುಟಿ, ಸಾಕು, ಎತ್ತು, ಮುಂದಿನ ತಟ್ಟೆಗೆ ಹಾಕು, ಬಿಟ್ಟರೆ ಎಲ್ಲ ಕಪ್ಪಾಗುತ್ತದೆ, ಹಾಕಿದೆ, ವಿನೆಗರಿನ ಘಾಟು ಕಣ್ಣಿಗೆ, ಘಾಟೇ ಇರಬೇಕು, ಎಲ್ಲಿ ಕೂರಲಿ, ಕಾಗದ ನೀರಲ್ಲಿ ಸಣ್ಣಗೆ ತೇಲುತ್ತಿದೆ, ತೇಲಿದ ಹಾಗೆ ಕೈ ಏಳುತ್ತದೆ, ಇಳಿಯುತ್ತದೆ, ಖಾಲಿ ಹಲಗೆಯ ಮೇಲೆ, ಬಾ, ಏಳುತ್ತದೆ, ಇಳಿಯುತ್ತದೆ, ಬಾರೇ, ಖಾಲಿ ಹಲಗೆಯ ಮೇಲೆ ಅಕ್ಕನ ಕೈ