ಒಂದು ಚೀಲ ಕಡಿಮೆ

ಬಂದರಿನಲ್ಲಿ ಎಲ್ಲರೂ ಅವನನ್ನು ಹದ್ದು ಎಂದೇ ಕರೆಯುತ್ತಿದ್ದರು. ಕ್ರೇನಿನ ತುದಿಯ ಕ್ಯಾಬಿನ್ನಿನಲ್ಲಿ, ಹೆಂಡತಿ ಹೊಲಿದುಕೊಟ್ಟ ದಿಂಬಿನ ಮೇಲೆ ಕೂತು, ಕಾಲಡಿಯ ಗಾಜಿನಲ್ಲಿ ಹಡಗು ನೋಡುತ್ತ ಕಂಟೇನರುಗಳನ್ನು ಬೆಂಕಿಪೊಟ್ಟಣಗಳಂತೆ ಎತ್ತಿಡುವವನು. ಆ ಕ್ಯಾಬಿನ್ನಿಗೇ ಈಗ ಸಂಚಕಾರ ಬಂದಿತ್ತು. ತಪಾಸಣೆಯಲ್ಲಿ ರಕ್ತದೊತ್ತಡ ತುಸು ಹೆಚ್ಚಾಗಿ ಕಂಡಿತ್ತು, ಮರುತಪಾಸಣೆ ನಾಳೆ. ಪಾಸಾಗದಿದ್ದರೆ ಕೆಳಗೆ, ಕೊಕ್ಕೆ ಬಿಗಿಯುವವರ ಜೊತೆ.

"ಇದಕ್ಕೆಲ್ಲ ತಲೆ ಕೆಡಿಸ್ಕೋತಾರಾ ಭಾವ?" ಎಂದ ಭಾವಮೈದುನ, ಅಡುಗೆಮನೆ ಬಾಗಿಲಿಗೆ ಒರಗಿ. ಅವನಿಗೆ ಕ್ರೇನು ಕಲಿಸಿದವನೂ ಹದ್ದೇ. ಸ್ವಂತ ಕ್ಯಾಬಿನ್ ಇನ್ನೂ ಸಿಕ್ಕಿರಲಿಲ್ಲ; ಯಾರಾದರೂ ರಜೆ ಹಾಕಿದರೆ ಹತ್ತುತ್ತಿದ್ದ. "ಕ್ರೇನಿನೋರೆಲ್ಲ ಮಾಡೋದೇ. ಬೆಳಿಗ್ಗೆ ಹೋಗಿ ಒಂದು ಚೀಲ ರಕ್ತ ಕೊಟ್ಬಿಡಿ. ನೀರು ಮುಟ್ಟಬೇಡಿ. ಟ್ಯಾಂಕೇ ಇಳಿದ್ರೆ ಪೈಪಲ್ಲಿ ಪ್ರೆಷರ್ ಎಲ್ಲಿಂದ ಬರುತ್ತೆ?"

"ನನ್ನ ಗಂಡ ಏನು ನಲ್ಲೀನೇನೋ?" ಎಂದಳು ಅವನ ಅಕ್ಕ.

"ನಲ್ಲಿ ಆಗಿದ್ರೆ ವಾಷರ್ ಬದಲಾಯಿಸಿದ್ರೆ ಮುಗೀತಿತ್ತಲ್ಲಕ್ಕಾ."

ಮೂವರೂ ನಕ್ಕರು. ಹದ್ದು ಸ್ವಲ್ಪ ಜಾಸ್ತಿಯೇ ನಕ್ಕ.

ಮರುದಿನ ರಕ್ತ ಕೊಟ್ಟೆದ್ದಾಗ ನರ್ಸ್ ಹಣ್ಣಿನ ರಸದ ಪೊಟ್ಟಣ ಕೈಗಿಟ್ಟಳು. "ಚೆನ್ನಾಗಿ ನೀರು ಕುಡೀರಿ. ಯಾರದೋ ಜೀವ ಉಳಿಸಿದ್ರಿ."

"ನಂದೇ," ಎಂದ ಅವನು. ಪೊಟ್ಟಣ ಒಡೆಯದೆ ಜೇಬಿಗಿಳಿಸಿದ.

ಬಂದರಿನ ಡಾಕ್ಟರು ಅವನನ್ನು ರೆಕ್ಸಿನ್ ಹಾಸಿಗೆಯ ಮೇಲೆ ಮಲಗಿಸಿ ಪಟ್ಟಿ ಸುತ್ತಿದರು, ಗಾಳಿ ಒತ್ತಿದರು, ಬಿಟ್ಟರು. "ಚೆನ್ನಾಗಿದೆಯಲ್ಲ! ಎಲ್ಲಿ, ಎದ್ದು ನಿಲ್ಲಿ."

ನಿಂತ. ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಅಕ್ಷರಗಳು ಒಂದೊಂದಾಗಿ ಕೆಳಕ್ಕೆ ಜಾರಿದವು. ಕಣ್ಣು ತೆರೆದಾಗ ಅವನು ನೆಲದ ಮೇಲಿದ್ದ, ಕಾಲುಗಳು ಕುರ್ಚಿಯ ಮೇಲಿದ್ದವು. ಪೊಟ್ಟಣ ಒಡೆದು ತೊಡೆಯೆಲ್ಲ ಅಂಟಂಟು. ಡಾಕ್ಟರು ಅವನ ತೋಳು ಮಡಚುವಲ್ಲಿ ಅಂಟಿದ್ದ ಹತ್ತಿಯನ್ನೇ ನೋಡುತ್ತಿದ್ದರು.

"ರಕ್ತ ಕೊಟ್ಟು ಬಂದ್ರಾ?"

"ಪ್ರೆಷರ್ ಇಳೀಲಿ ಅಂತ ಸಾರ್."

"ಅಯ್ಯೋ ಮಾರಾಯ! ಹೋದ ಸಲದಷ್ಟೇ ಇದ್ದಿದ್ರೂ ಪಾಸ್ ಮಾಡ್ತಿದ್ದೆ. ಅಷ್ಟಕ್ಕೆಲ್ಲ ಇಳಿಸಿದ್ರೆ ಬಂದರು ಮುಚ್ಚಬೇಕಾಗುತ್ತೆ. ಮೈಯಲ್ಲಿ ರಕ್ತ ಜಾಸ್ತಿ ಆಗಿ ಒತ್ತಡ ಏರಿದೆ ಅಂದ್ಕೊಂಡ್ರಾ? ಸ್ವಲ್ಪ ಬಿಪಿ ಇರೋ ಎಷ್ಟೋ ಜನಕ್ಕೆ ನಾಳ ಬಿಗಿಯಾಗಿರುತ್ತೆ ಅಷ್ಟೆ, ರಕ್ತದಲ್ಲಿನ ನೀರು ಮೊದಲೇ ಒಂದು ಗುಟುಕು ಕಡಿಮೆ. ಅದರ ಮೇಲೆ ಒಂದು ಚೀಲ ತೆಗೆಸಿದ್ರಿ."

"ಹಾಗಾದ್ರೆ ಪಾಸ್ ಮಾಡಿಬಿಡಿ ಸಾರ್."

"ಈಗ ಹೇಗೆ? ನನ್ನ ಕಣ್ಣೆದುರೇ ಬಿದ್ರಿ. ಪ್ರಜ್ಞೆ ತಪ್ಪಿದವರು ಒಂದು ವರ್ಷ ಮೇಲೆ ಹತ್ತೋ ಹಾಗಿಲ್ಲ."

"ರಕ್ತ ಕೊಟ್ಟಿದ್ದಕ್ಕಲ್ವಾ ಬಿದ್ದಿದ್ದು?"

"ಅದು ನನಗೆ ಗೊತ್ತು. ನಿಯಮಕ್ಕೆ ಗೊತ್ತಿಲ್ಲ."

ಆ ವಾರವೇ ಭಾವಮೈದುನ ಮನೆಗೆ ಬಂದ. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತ. "ಭಾವ, ನಿಮ್ಮ ಕ್ಯಾಬಿನ್ ನನಗೆ ಕೊಟ್ಟಿದಾರೆ. ನಾನು ಬೇಡ ಅಂತ..."

"ಬೇಡ ಅಂದ್ಯಾ?"

"ಅನ್ನೋಕೆ ಹೊರಟಿದ್ದೆ."

ಹದ್ದು ತಲೆಯಾಡಿಸಿದ. "ನಿನ್ನ ತಪಾಸಣೆಗೆ ಮುಂಚೆ ನೀನು ಯಾವತ್ತಾದ್ರೂ ರಕ್ತ ಕೊಟ್ಟಿದ್ದೀಯೇನೋ?"

"ನಂಗೆ ಬಿಪಿ ಇಲ್ವಲ್ಲ ಭಾವ."

ಹೆಂಡತಿ ಇಬ್ಬರ ಮುಖವನ್ನೂ ನೋಡದೆ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಎಲ್ಲವೂ ತೊಳೆದಿಟ್ಟ ಪಾತ್ರೆಗಳೇ.

ಸೋಮವಾರ ಅವನು ಕೊಕ್ಕೆಯವರ ಹಳದಿ ಅಂಗಿ ತೊಟ್ಟು ಕ್ರೇನಿನ ಕೆಳಗೆ ನಿಂತ. ಅಲ್ಲಿಂದ ಕ್ಯಾಬಿನ್ನಿನ ಗಾಜಿನಲ್ಲಿ ಎರಡು ಬೂಟಿನ ಅಡಿಗಳಷ್ಟೇ ಕಾಣುತ್ತಿದ್ದವು. ಮೇಲಿಂದ ದಿಂಬು ತರಲು ಮರೆತಿದ್ದೇನೆ ಎಂಬುದು ಅವನಿಗೆ ಆಗ ಹೊಳೆಯಿತು.

ಎದೆಯ ಮೇಲಿನ ವಾಕಿಟಾಕಿ ಗೊರಗುಟ್ಟಿತು: "ಭಾವ, ಬಿಸಿಲಿದೆ. ನೀರು ಕುಡೀತಾ ಇರಿ."

ಹದ್ದು ಕೊಕ್ಕೆ ಸಿಕ್ಕಿಸಿ, ಪಕ್ಕಕ್ಕೆ ಸರಿದು, ಎತ್ತು ಎಂದು ಕೈ ಮೇಲೆ ಮಾಡಿದ.